ವೈದ್ಯನು ಬರುವುದಕ್ಕೆ ಮುಂಚೆ

ಬೀದರ ಪಟ್ಟಣದಿಂದ ಔರಾದಿನ ಕಡೆಗೆ ಹೋಗುವ ಮಾರ್ಗದಲ್ಲಿ ಸಂತಪುರವೆಂಬ ಊರು ಸಿಕ್ಕುತ್ತದೆ. ಔರಾದ ತಾಲ್ಲೂಕಿನ ಹೋಬಳಿಗಳಲ್ಲಿ ಅದೂ ಒಂದು. ಹೋಬಳಿಯ ಕೇಂದ್ರವೆಂದ ಮೇಲೆ ಅಲ್ಲಿ ಸರಕಾರದ ಕಛೇರಿಯಿರುವುದು ಸಹಜ. ಕಛೇರಿಯೆಂದ ಮೇಲೆ ಮೇಜು ಕುರ್ಚಿಗಳು, ಕಾಗದದ ಕಟ್ಟುಗಳು, ಅವುಗಳ ನಡುವೆ ಕೆಲಸ ಮಾಡುವ ನಾಲ್ಕಾರು ಜನರು, ಬಾಗಿಲಲ್ಲಿ ಕಾದು ನಿಂತ ರೈತರು. ಇವರಲ್ಲೊಬ್ಬನು ಇದ್ದಕ್ಕಿದ್ದ ಹಾಗೆ ಎದೆ ಹಿಡಿದುಕೊಂಡು ಕುಸಿದನೆಂದು ಭಾವಿಸೋಣ. ಉಸಿರೂ ರಕ್ತದ ಓಟವೂ ನಿಂತುಹೋದರೆ ನಾಲ್ಕೈದು ನಿಮಿಷಗಳಲ್ಲಿಯೇ ಮೆದುಳಿಗೆ ಹಾನಿಯು ಮೊದಲಾಗುತ್ತದೆ. ಅಷ್ಟರೊಳಗೆ ವೈದ್ಯನು ಬರಲಾರನು. ಸಂತಪುರದಲ್ಲಿ ಮಾತ್ರವಲ್ಲ, ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿಯೂ ಬರಲಾರನು. ಬಿದ್ದವನಿಗೂ ವೈದ್ಯನಿಗೂ ನಡುವೆ ಇರುವ ಈ ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವನು ಏನು ಮಾಡುತ್ತಾನೆ ಎಂಬುದರ ಮೇಲೆ ಒಂದು ಪ್ರಾಣವು ನಿಂತಿರುತ್ತದೆ. ಆ ಹೊತ್ತನ್ನು ತುಂಬುವ ವಿದ್ಯೆಗೆ ಪ್ರಥಮ ಚಿಕಿತ್ಸೆಯೆಂದು ಹೆಸರು. ಈ ವಿದ್ಯೆಯು ಎಲ್ಲಿಂದ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು, ಬರುವ ದಾರಿಯಲ್ಲಿ ಏನನ್ನು ಕಳಚಿಕೊಂಡಿತು ಎಂಬುದನ್ನು ಈ ಹೊತ್ತು ಸ್ವಲ್ಪಮಟ್ಟಿಗೆ ವಿಚಾರ ಮಾಡೋಣ.

ಬೀದರ ಸೀಮೆಗೆ ವೈದ್ಯಶಾಲೆಯು ಹೊಸದಲ್ಲ. ಕ್ರಿ. ಶ. 1436ರಿಂದ 1458ರ ವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಹನು ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿದನೆಂದೂ, ರೋಗಿಗಳ ಔಷಧ ಪಥ್ಯಗಳ ವೆಚ್ಚಕ್ಕಾಗಿ ಗ್ರಾಮಗಳ ಉತ್ಪತ್ತಿಯನ್ನು ಬಿಟ್ಟುಕೊಟ್ಟನೆಂದೂ, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ಅಲ್ಲಿ ನೇಮಿಸಿದನೆಂದೂ ಚರಿತ್ರಕಾರನಾದ ಫಿರಿಸ್ತನು ಬರೆದಿದ್ದಾನೆ. ಅದಕ್ಕೂ ಮುನ್ನೂರು ವರ್ಷಗಳಷ್ಟು ಹಿಂದೆ, ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠವನ್ನು ವಿದ್ಯಾದಾನ ಅನ್ನದಾನಗಳ ಸ್ಥಾನವೆಂದು ಹೊಗಳುವುದರ ಜೊತೆಗೆ ನಾನಾ ಬಗೆಯ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನೇ ವಿಷಯವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ದಾನವೂ ಇದ್ದಿತು, ಶಾಸ್ತ್ರವೂ ಇದ್ದಿತು, ನಾಡ ನುಡಿಯಲ್ಲಿ ಗ್ರಂಥವೂ ಇದ್ದಿತು. ಇಷ್ಟಿದ್ದರೂ ಇವೆಲ್ಲವೂ ರೋಗಿಯು ವೈದ್ಯನ ಬಳಿಗೆ ಬಂದ ಮೇಲಿನ ಮಾತು. ದವಾಖಾನೆಯು ಎಷ್ಟೇ ದೊಡ್ಡದಾಗಿರಲಿ, ಅದು ಎದ್ದು ಬಂದು ಬಿದ್ದವನ ಬಳಿ ನಿಲ್ಲಲಾರದು.

ಇದಕ್ಕೆ ಬೀದರಿನ ಕೋಟೆಯೇ ಸಾಕ್ಷಿ. 1657ರಲ್ಲಿ ಔರಂಗಜೇಬನು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿನ ಮದ್ದಿಗೆ ಕಿಡಿ ತಗಲಿ ದೊಡ್ಡ ಸ್ಫೋಟವಾಯಿತು. ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನೂ ಅವನ ಮಕ್ಕಳಲ್ಲಿ ಕೆಲವರೂ ಭಯಂಕರವಾಗಿ ಸುಟ್ಟುಕೊಂಡರು. ಮರ್ಜಾನನು ಅದರಿಂದಲೇ ಮಡಿದನು, ಕೋಟೆಯೂ ಕೈತಪ್ಪಿತು. ಅಂತಹ ಗಾಯವನ್ನು ಇಂದಿನ ಯಾವ ಪ್ರಥಮ ಚಿಕಿತ್ಸೆಯೂ ಮಾಯಿಸುತ್ತಿದ್ದಿತೆಂದು ನಾವು ಹೇಳುವುದಿಲ್ಲ. ಆದರೆ ಆ ಕಾಲದಲ್ಲಿ ಸೈನಿಕನಿಗೆ ಸೈನಿಕನು, ನೆರೆಯವನಿಗೆ ನೆರೆಯವನು ಮಾಡತಕ್ಕ ಉಪಚಾರವೆಂಬ ಒಂದು ಕ್ರಮಬದ್ಧವಾದ ಶಿಕ್ಷಣವು ಬೀದರಿನಲ್ಲಿ ಮಾತ್ರವಲ್ಲ, ದೆಹಲಿಯಲ್ಲಿ, ಲಂಡನ್ನಿನಲ್ಲಿ ಎಲ್ಲಿಯೂ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಅಂತಹ ಶಿಕ್ಷಣವು ಮೊದಲು ಹುಟ್ಟಿದ್ದು ನೀರಿನಲ್ಲಿ ಮುಳುಗಿದವರಿಗಾಗಿ. ಕಾಲುವೆಗಳ ಊರಾದ ಆಮ್ಸ್ಟರ್‌ಡ್ಯಾಮಿನಲ್ಲಿ 1767ರಲ್ಲಿಯೂ, ಲಂಡನ್ನಿನಲ್ಲಿ 1774ರಲ್ಲಿಯೂ ಮುಳುಗಿದವರನ್ನು ಬದುಕಿಸುವುದಕ್ಕಾಗಿ ಸಂಘಗಳು ಏರ್ಪಟ್ಟವು. ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕೆಂಬ ಸಲಹೆಯನ್ನು ಪ್ಯಾರಿಸಿನ ವಿಜ್ಞಾನ ಪರಿಷತ್ತು 1740ರಲ್ಲಿಯೇ ಕೊಟ್ಟಿದ್ದಿತು. ಇದರೊಂದಿಗೆ ಹೊಗೆಸೊಪ್ಪಿನ ಹೊಗೆಯನ್ನು ತಿದಿಯ ಮೂಲಕ ಗುದದ್ವಾರದಿಂದ ಒಳಕ್ಕೆ ಊದುವ ವಿಚಿತ್ರವಾದ ಚಿಕಿತ್ಸೆಯೂ ಬಹುಕಾಲ ನಡೆದುಬಂದಿತು. 1811ರಲ್ಲಿ ಬ್ರೋಡಿಯೆಂಬ ಇಂಗ್ಲಿಷ್ ವೈದ್ಯನು ಹೊಗೆಸೊಪ್ಪಿನ ಸಾರವು ಪ್ರಾಣಘಾತುಕ ವಿಷವೆಂದು ಪ್ರಯೋಗಗಳಿಂದ ತೋರಿಸಿದ ಮೇಲೆ ಆ ಪದ್ಧತಿಯು ಕ್ರಮೇಣ ಹಿಂದೆ ಬಿದ್ದಿತು. ಪ್ರಥಮ ಚಿಕಿತ್ಸೆಯ ಚರಿತ್ರೆಯಲ್ಲಿ ಕಲಿಯುವುದು ಎಷ್ಟು ಮುಖ್ಯವೋ ಕಲಿತದ್ದನ್ನು ಬಿಡುವುದೂ ಅಷ್ಟೇ ಮುಖ್ಯವೆಂಬುದಕ್ಕೆ ಇದೇ ಮೊದಲನೆಯ ನಿದರ್ಶನ.

ಎರಡನೆಯ ಹೆಜ್ಜೆಯು ರಣರಂಗದಿಂದ ಬಂದಿತು. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೋ ಎಂಬಲ್ಲಿ ನಡೆದ ಯುದ್ಧದ ಗಾಯಾಳುಗಳನ್ನು ನೆರೆಯ ಊರಿನ ಸಾಮಾನ್ಯ ಹೆಂಗಸರು ಗಂಡಸರು, ಯಾವ ಪಕ್ಷದವರೆಂದು ಕೇಳದೆ, ಉಪಚರಿಸಿದರು. ಅದನ್ನು ಕಂಡು ತಾನೂ ಕೈಹಚ್ಚಿದ ಆನ್ರಿ ಡ್ಯುನಾನನ ಬರಹದಿಂದ 1863ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯು ಜನಿಸಿತು. ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕನು ತ್ರಿಕೋಣದ ಬಟ್ಟೆಯ ಪಟ್ಟಿಯನ್ನು ಬಳಕೆಗೆ ತಂದು, ಅದನ್ನು ಹೇಗೆ ಕಟ್ಟಬೇಕೆಂಬುದನ್ನು ಆ ಬಟ್ಟೆಯ ಮೇಲೆಯೇ ಚಿತ್ರಗಳಾಗಿ ಅಚ್ಚುಹಾಕಿಸಿದನು. ಓದುಬಾರದ ಸಿಪಾಯಿಯೂ ಚಿತ್ರ ನೋಡಿ ಗಾಯ ಕಟ್ಟಬಹುದಾಯಿತು. ನಮ್ಮ ಸುಶ್ರುತ ಸಂಹಿತೆಯು ಹದಿನಾಲ್ಕು ಬಗೆಯ ಬಂಧನಗಳನ್ನು ಹೇಳುತ್ತದೆ. ಆದರೆ ಅದು ವೈದ್ಯನಾಗುವ ಶಿಷ್ಯನಿಗೆ ಹೇಳಿದ ಪಾಠ. ಎಸ್ಮಾರ್ಕನ ಬಟ್ಟೆಯಾದರೋ ವೈದ್ಯನಲ್ಲದವನಿಗೆ ಹೇಳಿದ ಪಾಠ. ಹೊಸತನವಿದ್ದದ್ದು ಪಟ್ಟಿಯಲ್ಲಿ ಅಲ್ಲ, ಅದನ್ನು ಯಾರ ಕೈಗೆ ಕೊಟ್ಟರು ಎಂಬುದರಲ್ಲಿ.

ಮೂರನೆಯ ಹೆಜ್ಜೆಯೇ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಇಂಗ್ಲೆಂಡಿನಲ್ಲಿ ಗಣಿಗಳೂ ರೈಲುಮಾರ್ಗಗಳೂ ಗಿರಣಿಗಳೂ ಬೆಳೆದಂತೆ ಯುದ್ಧವಿಲ್ಲದೆಯೇ ಗಾಯಾಳುಗಳಾಗುವ ಕಾಲವು ಬಂದಿತು. 1877ರಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು ಸ್ಥಾಪಿತವಾಯಿತು. ಮರುವರ್ಷ ಪೀಟರ್ ಷೆಪರ್ಡನೆಂಬ ಸೈನ್ಯದ ವೈದ್ಯನು ವೂಲಿಚ್‌ನಲ್ಲಿ ಸಾಮಾನ್ಯ ಜನರಿಗಾಗಿ ತರಗತಿಯನ್ನು ನಡೆಸಿ, ಪಾಠಗಳನ್ನು ಪುಸ್ತಕವಾಗಿ ಸಿದ್ಧಪಡಿಸಿದನು. 1879ರಲ್ಲಿ ಆಫ್ರಿಕದ ಇಸಾಂಡ್ಲ್‌ವಾನಾ ಕದನದಲ್ಲಿ ಅವನು ಸತ್ತನಾದರೂ ಅವನ ಪುಸ್ತಕವು ಉಳಿದು ಬೆಳೆಯಿತು. ಅಲ್ಲಿಂದ ಮುಂದೆ ಗಣಿಯ ಕೂಲಿಕಾರನೂ ರೈಲ್ವೆಯ ನೌಕರನೂ ಪೋಲೀಸಿನವನೂ ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ಪಡೆಯತೊಡಗಿದರು. ಈ ಸಂಘದ ಶಾಖೆಗಳೂ, 1920ರ ಕಾಯಿದೆಯಿಂದ ಏರ್ಪಟ್ಟ ಭಾರತೀಯ ರೆಡ್‌ಕ್ರಾಸ್ ಸಂಸ್ಥೆಯೂ ನಮ್ಮ ದೇಶದಲ್ಲಿ ಈ ಶಿಕ್ಷಣವನ್ನು ಹರಡಿದವು.

ಇತ್ತ ಬೀದರನ್ನೊಳಗೊಂಡಿದ್ದ ಹೈದರಾಬಾದು ಸಂಸ್ಥಾನದಲ್ಲಿ, ಬಿದ್ದವನನ್ನು ನೋಡುವಾಗ ಮೊದಲು ಏನನ್ನು ನೋಡಬೇಕು ಎಂಬ ಪ್ರಶ್ನೆಯು ಲೋಕವೆಲ್ಲ ಕಿವಿಗೊಡುವಂತಹ ಚರ್ಚೆಗೆ ಕಾರಣವಾಯಿತು. ಕ್ಲೋರೋಫಾರಂ ಕೊಟ್ಟಾಗ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ? ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿಯು ಉಸಿರೇ ಮೊದಲೆಂದು ಸಾಧಿಸುತ್ತಿದ್ದನು. 1888ರಲ್ಲಿಯೂ 1889ರಲ್ಲಿಯೂ ನಿಜಾಮ ಸರಕಾರದ ವೆಚ್ಚದಿಂದ ಎರಡು ಆಯೋಗಗಳು ಕುಳಿತು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯನೇ ಬಂದನು. ಉಸಿರನ್ನು ಕಾಯ್ದುಕೊಂಡರೆ ಸಾಕೆಂದು ಆಯೋಗಗಳು ತೀರ್ಮಾನಿಸಿದವು. ಆದರೆ 1911ರಲ್ಲಿ ಲೆವಿಯೆಂಬಾತನು, ಕ್ಲೋರೋಫಾರಮಿನಿಂದ ಹೃದಯವೇ ಲಯ ತಪ್ಪಿ ನಡುಗಿ ಮೊದಲು ನಿಲ್ಲುವುದೂ ಉಂಟೆಂದು ತೋರಿಸಿದನು. ಲಾರಿಯ ಸಿದ್ಧಾಂತವು ಬಿದ್ದುಹೋಯಿತು. ವಿನೋದವೇನೆಂದರೆ, ಸಾಮಾನ್ಯ ಜನರಿಗೆ ನಾಡಿ ಹುಡುಕುವುದು ಕಷ್ಟ, ಹುಡುಕುತ್ತ ಹೊತ್ತು ಕಳೆಯುತ್ತದೆ ಎಂದು 2000ದಿಂದೀಚೆಗೆ ಅವರಿಗೆ ನಾಡಿಯ ಪಾಠವನ್ನು ಬಿಡಿಸಿ, ಕರೆದರೆ ಓಗೊಡುತ್ತಾನೆಯೇ, ಸರಿಯಾಗಿ ಉಸಿರಾಡುತ್ತಾನೆಯೇ ಎಂದಷ್ಟೇ ನೋಡಲು ಕಲಿಸುತ್ತಾರೆ. ಲಾರಿಯ ವಾದವು ಸೋತಿತು; ಉಸಿರನ್ನು ನೋಡೆಂಬ ಅವನ ಮಾತು ಬೇರೊಂದು ಕಾರಣದಿಂದ ಉಳಿಯಿತು.

ಉಸಿರು ನಿಂತರೆ ಮಾಡಬೇಕಾದುದೇನು? ಇದರಲ್ಲಿಯೂ ಪಾಠವು ಹಲವು ಸಲ ಬದಲಾಯಿತು. 1858ರಲ್ಲಿ ಸಿಲ್ವೆಸ್ಟರನು ರೋಗಿಯ ತೋಳುಗಳನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಬೇಕೆಂದನು. 1903ರಲ್ಲಿ ಷೇಫರನು ಬೋರಲು ಮಲಗಿಸಿ ಬೆನ್ನನ್ನು ಒತ್ತಬೇಕೆಂದನು. 1932ರಲ್ಲಿ ಹೋಲ್ಗರ್ ನೀಲ್ಸನನು ಎರಡನ್ನೂ ಸೇರಿಸಿದನು. ಕೊನೆಗೆ ಬಾಲ್ಟಿಮೋರಿನಲ್ಲಿ 1960ರಲ್ಲಿ ಕೌವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯ ನಡುವೆ ಎರಡು ಕೈಗಳಿಂದ ಒತ್ತಿದರೆ ನಿಂತ ಹೃದಯದಿಂದಲೂ ರಕ್ತವನ್ನು ಹರಿಸಬಹುದೆಂದು ಪ್ರಕಟಿಸಿದರು. ಇವರಲ್ಲಿ ಮೊದಲಿನವನು ವೈದ್ಯನಲ್ಲ, ವಿದ್ಯುತ್ ಎಂಜಿನಿಯರು. ತಂತಿ ತಗಲಿ ಸಾಯುವ ಕೆಲಸಗಾರರನ್ನು ಉಳಿಸುವುದು ಹೇಗೆಂದು ಹುಡುಕುತ್ತ ಬಂದವನು. ಕೆಲಸದ ಸ್ಥಳದ ಸಾವೇ ಈ ವಿದ್ಯೆಯನ್ನು ಕೊಟ್ಟಿತೆಂದರೆ ತಪ್ಪಲ್ಲ.

ಇಷ್ಟಾದರೂ ಕಛೇರಿಯನ್ನು ಯಾರೂ ಅಪಾಯದ ಸ್ಥಳವೆಂದು ಎಣಿಸಲಿಲ್ಲ. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯು ತನ್ನ 45ನೆಯ ಕಲಮಿನಲ್ಲಿ, 150 ಜನ ಕೆಲಸಗಾರರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿರಬೇಕೆಂದೂ, ಅದರಲ್ಲಿ ಗೊತ್ತುಮಾಡಿದ ವಸ್ತುಗಳನ್ನು ಬಿಟ್ಟು ಬೇರೇನನ್ನೂ ಇಡಕೂಡದೆಂದೂ, ಪ್ರಮಾಣಪತ್ರ ಪಡೆದ ಒಬ್ಬನು ಅದಕ್ಕೆ ಹೊಣೆಗಾರನಾಗಿ ಕೆಲಸದ ವೇಳೆಯಲ್ಲೆಲ್ಲ ಕೈಗೆ ಸಿಗುವಂತಿರಬೇಕೆಂದೂ ವಿಧಿಸಿತು. ಬಹಳ ವಿವೇಕದ ಮಾತುಗಳಿವು. ಪೆಟ್ಟಿಗೆಗಿಂತ ಅದನ್ನು ಬಲ್ಲ ಮನುಷ್ಯನು ಮುಖ್ಯನೆಂದು ಕಾಯಿದೆಯೇ ಒಪ್ಪಿಕೊಂಡಂತಾಯಿತು. ಆದರೆ ಅದು ಕಾರ್ಖಾನೆಗೆ ಮಾತ್ರ. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು. ಇದರ ವ್ಯಾಪ್ತಿಯು ದೊಡ್ಡದು. ಹತ್ತು ಜನ ಕೆಲಸಗಾರರಿರುವ ಸಂಸ್ಥೆಗಳವರೆಗೆ ಅದು ಇಳಿದುಬರುತ್ತದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕೇಳುತ್ತದೆ. ಆದರೆ ಕೇಂದ್ರ ಸರಕಾರದ ಮತ್ತು ರಾಜ್ಯ ಸರಕಾರಗಳ ಕಛೇರಿಗಳಿಗೆ ತಾನು ಅನ್ವಯಿಸುವುದಿಲ್ಲವೆಂದು ಆ ಸಂಹಿತೆಯೇ ತನ್ನ ಆರಂಭದಲ್ಲಿ ಹೇಳಿಕೊಂಡಿದೆ. ಗುತ್ತಿಗೆದಾರನ ಮೂಲಕ ಬಂದ ಕೂಲಿಗಾರರಿಗೆ ಮಾತ್ರ ಅಲ್ಲಿಯೂ ಅದರ ಆಶ್ರಯವುಂಟು. ಆದುದರಿಂದ ಸಂತಪುರದಂತಹ ಊರಿನ ಸರಕಾರಿ ಕಛೇರಿಯಲ್ಲಿ ಕುಳಿತ ಗುಮಾಸ್ತನ ಪಾಲಿಗೆ ಈ ಸಂಹಿತೆಯ ಪೆಟ್ಟಿಗೆಯು ಬರುವುದಿಲ್ಲ. ಅಲ್ಲಿ ಉಳಿದದ್ದು ನೌಕರರ ಸ್ವಂತ ವಿವೇಕ.

ಆ ವಿವೇಕಕ್ಕೆ ಅಡ್ಡಬರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಹಳೆಯ ಜ್ಞಾನವೇ. ಸುಟ್ಟ ಕೈಗೆ ಮಸಿ ಹಚ್ಚುವವರು ನಮ್ಮ ಕಛೇರಿಗಳಲ್ಲಿ ಇದ್ದರು; ಈಗಲೂ ಹಲ್ಲುಜ್ಜುವ ಪೇಸ್ಟನ್ನೋ ಅರಿಸಿನವನ್ನೋ ಹಚ್ಚುವವರಿದ್ದಾರೆ. ಸುಟ್ಟ ಗಾಯಕ್ಕೆ ಬೇಕಾದುದು ಹರಿಯುವ ತಣ್ಣೀರು, ಅದೂ ಇಪ್ಪತ್ತು ನಿಮಿಷಗಳಷ್ಟು ಹೊತ್ತು; ಮೇಲೆ ಒಂದು ಶುಭ್ರವಾದ ಬಟ್ಟೆ. ಅಪಸ್ಮಾರ ಬಂದವನ ಕೈಯಲ್ಲಿ ಬೀಗದಕೈಯನ್ನು ತುರುಕುವುದು, ಹಲ್ಲುಗಳ ನಡುವೆ ಚಮಚೆಯಿಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ಯಾವುದೂ ಬೇಡ. ಸುತ್ತಲಿನ ಮೇಜು ಕುರ್ಚಿಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಸೆಳವು ನಿಂತೊಡನೆ ಪಕ್ಕಕ್ಕೆ ಹೊರಳಿಸಿದರೆ ಸಾಕು. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಬೇಕು. ಹಳ್ಳಿಯ ಕಡೆಯ ದಫ್ತರಿನ ಕೋಣೆಯಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುಕಟ್ಟುವುದು ಸುಶ್ರುತನ ಕಾಲದಿಂದ ಬಂದ ಪದ್ಧತಿ. ಅದು ಕಾಲಿನ ರಕ್ತವನ್ನೇ ತಡೆದು ಮಾಂಸವನ್ನು ಕೆಡಿಸುತ್ತದೆಂದು ಇಂದಿನ ವೈದ್ಯರು ಬಿಡಿಸಿದ್ದಾರೆ. ಕೊಯ್ಯುವುದನ್ನೂ ಹೀರುವುದನ್ನೂ ಬಿಡಿಸಿದ್ದಾರೆ. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಬೇಗ ಸಾಗಿಸುವುದೇ ಪ್ರಥಮ ಚಿಕಿತ್ಸೆ. ಸುಶ್ರುತನಿಗೆ ಗೌರವ ತೋರಿಸುವುದೆಂದರೆ ಅವನ ಕಟ್ಟನ್ನು ಕಟ್ಟುವುದಲ್ಲ, ಅವನಂತೆ ಕಣ್ಣಿಟ್ಟು ನೋಡಿ ತಿಳಿದುಕೊಳ್ಳುವುದು.

ಉಳಿದ ಪಾಠವು ದೀರ್ಘವಾದುದಲ್ಲ. ರಕ್ತ ಸುರಿಯುತ್ತಿದ್ದರೆ ಗಾಯದ ಮೇಲೆಯೇ ಶುಭ್ರವಾದ ಬಟ್ಟೆಯಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ವಿದ್ಯುತ್ತು ತಗಲಿದವನನ್ನು ಮುಟ್ಟುವುದಕ್ಕೆ ಮುಂಚೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಗೋಡೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ಕಛೇರಿಯ ಎಲ್ಲರೂ ಮೊದಲೇ ಬಲ್ಲವರಾಗಿರಬೇಕು. ಮೂರ್ಛೆ ಹೋದವನನ್ನು ಕುರ್ಚಿಯ ಮೇಲೆ ಎತ್ತಿ ಕೂರಿಸುವುದಲ್ಲ, ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಬಾರದು. ಮುಖವು ಒಂದು ಕಡೆಗೆ ಸೊಟ್ಟಗಾಗಿ, ಒಂದು ತೋಳು ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕಾದುದರಿಂದ, ಸೂಚನೆಯು ತೋರಿದ ವೇಳೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು ಗುಮಾಸ್ತನು ಮಾಡಬಹುದಾದ ಅಮೂಲ್ಯ ಸೇವೆ. ಕುಸಿದವನು ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬನು 108ಕ್ಕೋ 112ಕ್ಕೋ ಕರೆ ಮಾಡಬೇಕು, ಇನ್ನೊಬ್ಬನು ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ಐದರಿಂದ ಆರು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಸಹಾಯ ಬರುವ ತನಕ ಒತ್ತುತ್ತಿರಬೇಕು. ದಣಿದರೆ ಮತ್ತೊಬ್ಬನು ವಹಿಸಿಕೊಳ್ಳಬೇಕು. ಇದನ್ನು ಕೇಳಿ ತಿಳಿದರೆ ಸಾಲದು. ಬಲ್ಲವರ ಮುಂದೆ ಬೊಂಬೆಯ ಮೇಲೆ ಒಮ್ಮೆ ಒತ್ತಿ ನೋಡಿದವನ ಕೈಯೇ ವೇಳೆಗೆ ನಡುಗದೆ ನಿಲ್ಲುವುದು.

ಇನ್ನು ಎರಡು ಅಡ್ಡಿಗಳ ಮಾತು ಉಳಿದಿದೆ. ಒಂದು, ಪೋಲೀಸು ಮೊಕದ್ದಮೆಗಳ ಭಯ. ಬಿದ್ದವನನ್ನು ಮುಟ್ಟಿದರೆ ಸಾಕ್ಷಿಯಾಗಿ ಅಲೆಯಬೇಕಾದೀತೆಂದು ಹಿಂದೆಗೆಯುವವರು ಬಹಳ. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳವಾಗದಂತೆ ಕೇಂದ್ರ ಸರಕಾರವು ರಚಿಸಿದ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚಿಯಲ್ಲಿ ಕಾನೂನಿನ ಬಲವನ್ನು ಕೊಟ್ಟಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲವು ಪರೋಪಕಾರಿಗಳ ರಕ್ಷಣೆಗಾಗಿ ಒಪ್ಪಿದ ಮಸೂದೆಯು 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಆದುದರಿಂದ ಈ ಭಯಕ್ಕೆ ಹಿಂದಿದ್ದಷ್ಟು ಆಧಾರವಿಲ್ಲ.

ಎರಡನೆಯ ಅಡ್ಡಿಯು ಕಛೇರಿಯ ಸ್ವಭಾವದಲ್ಲಿಯೇ ಇದೆ. ಅಲ್ಲಿ ಪ್ರತಿಯೊಂದು ಕೆಲಸವೂ ಮೇಲಿನಿಂದ ಅಪ್ಪಣೆಯಾಗಿ ಬರಬೇಕು, ಕಡತದಲ್ಲಿ ಏರಬೇಕು, ಸಹಿಯಾಗಬೇಕು. ಈ ಅಭ್ಯಾಸವು ರಾಜ್ಯವ್ಯವಹಾರಕ್ಕೆ ಒಳ್ಳೆಯದು. ಆದರೆ ಎದುರಿಗೆ ಮನುಷ್ಯನು ಬಿದ್ದಿರುವಾಗ ಅದೇ ಅಭ್ಯಾಸದಿಂದ ಎಲ್ಲರೂ ಎದ್ದು ನಿಂತು ಹಿರಿಯ ಅಧಿಕಾರಿಯ ಮುಖವನ್ನು ನೋಡುತ್ತಾರೆ. ಪೆಟ್ಟಿಗೆಯಿದ್ದರೂ ಬೀರುವಿನೊಳಗೆ, ಬೀರುವಿನ ಬೀಗದಕೈ ರಜೆಯಲ್ಲಿರುವವನ ಜೇಬಿನಲ್ಲಿ. ಸೊಲ್ಫೆರಿನೋವಿನ ಹಳ್ಳಿಯ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಕಛೇರಿಯ ಕೆಲಸಗಳಲ್ಲಿ ಅಪ್ಪಣೆಗಾಗಿ ಕಾಯಬೇಕಾಗಿಲ್ಲದ ಕೆಲಸವು ಒಂದುಂಟೆಂದರೆ ಅದು ಇದೇ; ಜವಾನನು ಮೊದಲು ಕಂಡರೆ ಆ ಹೊತ್ತಿಗೆ ಅಲ್ಲಿನ ಮುಖ್ಯಾಧಿಕಾರಿಯು ಜವಾನನೇ.

ಬಹಮನಿ ಸುಲ್ತಾನನು ಬೀದರಿಗೆ ಆಸ್ಪತ್ರೆಯನ್ನು ದಾನವಾಗಿ ಕೊಟ್ಟನು. ಆಸ್ಪತ್ರೆಯನ್ನು ದಾನವಾಗಿ ಪಡೆಯಬಹುದು. ಪ್ರಥಮ ಚಿಕಿತ್ಸೆಯನ್ನು ಹಾಗೆ ಪಡೆಯಲಾಗದು. ಅದನ್ನು ಕಲಿತವನು ತನಗಾಗಿ ಉಪಯೋಗಿಸಿಕೊಳ್ಳುವ ಸಂದರ್ಭವೂ ಅಪರೂಪ. ನಾವು ಕಲಿತದ್ದು ಪಕ್ಕದವನಿಗೆ, ಪಕ್ಕದವನು ಕಲಿತದ್ದು ನಮಗೆ. ಆದುದರಿಂದ ಸಂತಪುರದ ಕಛೇರಿಯಲ್ಲಾಗಲಿ ರಾಜಧಾನಿಯ ಕಛೇರಿಯಲ್ಲಾಗಲಿ ಒಬ್ಬನು ಕಲಿತರೆ ಸಾಲದು. ವರ್ಷಕ್ಕೆ ಒಂದು ದಿನ, ಅರ್ಧ ದಿನವಾದರೂ ಸರಿ, ಕಾಗದದ ಕಟ್ಟುಗಳನ್ನು ಬದಿಗಿಟ್ಟು ಎಲ್ಲರೂ ಕೂಡಿ ಈ ಪಾಠವನ್ನು ಕೈಯಾರೆ ಮಾಡಿ ನೋಡಲಿ. ಪೆಟ್ಟಿಗೆಯನ್ನು ಬೀರುವಿನಿಂದ ತೆಗೆದು ಗೋಡೆಯ ಮೇಲೆ, ಕೈಗೆಟಕುವಲ್ಲಿ, ಬೀಗವಿಲ್ಲದೆ ತೂಗುಹಾಕಲಿ.